ಓಮ್‌ನ ನಿಯಮಕ್ಕೊಂದು ಸಮಾನತಾ ಪತ್ರ

ಮಂಗಳೂರಿನಲ್ಲಿ ಕಲಿಸುವ ಓಮ್‌ನ ನಿಯಮವೂ ತಿರುವನಂತಪುರದಲ್ಲಿ ಕಲಿಸುವ ಓಮ್‌ನ ನಿಯಮವೂ ಒಂದೇ ಎಂದು ಯಾರಾದರೂ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಬೇಕಾಗಿದೆ. ವೋಲ್ಟೇಜು ಹೆಚ್ಚಿದರೆ ಕರೆಂಟು ಹೆಚ್ಚುತ್ತದೆ, ರೋಧ ಹೆಚ್ಚಿದರೆ ಕರೆಂಟು ಕುಗ್ಗುತ್ತದೆ ಎಂಬುದಷ್ಟೇ ಆ ನಿಯಮ. ನನ್ನ ಅಕ್ಕನ ಮಗನಿಗೆ ಆ ಪತ್ರ ತುರ್ತಾಗಿ ಬೇಕು. ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಕಡೆಯ ಹುಡುಗ ಅವನು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ನಾಲ್ಕು ವರ್ಷ ಎಲೆಕ್ಟ್ರಿಕಲ್ ಆಂಡ್ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ, ಎಂಟು ಸೆಮಿಸ್ಟರುಗಳನ್ನೂ ಒಂದೂ ವಿಷಯ ಬಾಕಿಯಿಲ್ಲದೆ ಮುಗಿಸಿ, ಪದವಿಪತ್ರವನ್ನು ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿಟ್ಟುಕೊಂಡು ಊರಿಗೆ ಮರಳಿದ್ದಾನೆ. ಇಲ್ಲಿಯ ಸರಕಾರಿ ಕೆಲಸವೊಂದಕ್ಕೆ ಅವನು ಅರ್ಜಿ ಹಾಕಿದಾಗ ಕಚೇರಿಯವರಿಗೆ ಎದ್ದ ಸಂಶಯವೆಂದರೆ, ಈ ಹುಡುಗ ಕಲಿತದ್ದು ನಮ್ಮ ವಿದ್ಯುತ್ತೋ ಅವರ ವಿದ್ಯುತ್ತೋ ಎಂಬುದು.

ತಪ್ಪು ತಿಳಿಯಬಾರದು, ಆ ವಿಭಾಗದ ಗುಮಾಸ್ತರು ಬಹಳ ಸಜ್ಜನರು. ನಾವಿಬ್ಬರೂ ಹೋದಾಗ ಕುರ್ಚಿ ಎಳೆದು ಕೂರಿಸಿ, ಅವನ ಅಂಕಪಟ್ಟಿಯನ್ನೂ ತಮ್ಮ ಬಳಿಯಿದ್ದ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿ ಹರಡಿ, ಮದುವೆಗೆ ಜಾತಕ ಕೂಡಿಸುವ ಜೋಯಿಸರಂತೆ ಸಾಲುಸಾಲಿಗೂ ಬೆರಳಿಟ್ಟು ನೋಡಿದರು. ಇಲ್ಲಿ ‘ಸರ್ಕ್ಯೂಟ್ಸ್ ಆಂಡ್ ನೆಟ್‌ವರ್ಕ್ಸ್’ ಎಂದಿರುವ ಕಡೆ ಅಲ್ಲಿ ‘ಎಲೆಕ್ಟ್ರಿಕ್ ಸರ್ಕ್ಯೂಟ್ ಅನಾಲಿಸಿಸ್’ ಎಂದಿತ್ತು. ಎರಡರ ಒಳಗೂ ಸರ್ಕ್ಯೂಟಿನ ನಿಯಮಗಳನ್ನು ಕೊಟ್ಟ ಕಿರ್ಚಾಫ್ ಮತ್ತು ಥೆವೆನಿನ್ ಎಂಬ ಅದೇ ಇಬ್ಬರು ಮಹನೀಯರು ಕುಳಿತಿದ್ದಾರೆಂದು ಹುಡುಗ ವಿನಯದಿಂದ ಅರಿಕೆ ಮಾಡಿಕೊಂಡ. “ಇರಬಹುದು, ಆದರೆ ಹೆಸರಿನಲ್ಲಿ ನೆಟ್‌ವರ್ಕ್ ಇಲ್ಲವಲ್ಲ?” ಎಂದು ಅವರು ಅಷ್ಟೇ ವಿನಯದಿಂದ ಕೇಳಿದರು. ಅನಂತರ ಪದವಿಯ ಹೆಸರಿಗೆ ಬಂದರು. ಕೇರಳದ ತಾಂತ್ರಿಕ ವಿಶ್ವವಿದ್ಯಾಲಯ ಕೊಡುವುದು ಬಿ.ಟೆಕ್.; ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕೊಡುವುದು ಬಿ.ಇ. ಒಂದೇ ಕಾವಲಿಯಲ್ಲಿ ಎರೆದದ್ದನ್ನು ನಮ್ಮ ಮನೆಗಳಲ್ಲಿ ತೆಳ್ಳವು ಎಂದರೂ ಮಂಗಳೂರಿನ ಹೋಟೆಲಿನಲ್ಲಿ ನೀರುದೋಸೆ ಎಂದರೂ ಹೊಟ್ಟೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಚೇರಿಗೆ ಹೊಟ್ಟೆಯಿಲ್ಲ, ಕಡತ ಮಾತ್ರ ಇರುವುದು. ಆದ್ದರಿಂದ ಎಂಟು ಸೆಮಿಸ್ಟರುಗಳ ಪಠ್ಯಕ್ರಮದ ಪ್ರತಿ, ಪ್ರತಿಯ ಪುಟಪುಟಕ್ಕೂ ದೃಢೀಕರಣ, ದೃಢೀಕರಿಸಿದವರು ದೃಢೀಕರಿಸಬಲ್ಲವರೇ ಎಂಬುದಕ್ಕೆ ಇನ್ನೊಂದು ಕಾಗದ, ಇವೆಲ್ಲವನ್ನೂ ಜೋಡಿಸಿಕೊಂಡು, ಎರಡು ಪದವಿಗಳೂ ಸಮಾನವೆಂಬ ಪತ್ರಕ್ಕಾಗಿ ತಿರುವನಂತಪುರಕ್ಕೆ ಹೋಗಬೇಕು. ನಮ್ಮ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್; ರಾಜಧಾನಿಗೆ 550ಕ್ಕೂ ಹೆಚ್ಚು. ರೋಧ ಹೆಚ್ಚಿರುವ ದಾರಿಯಲ್ಲಿಯೇ ಹರಿಯಬೇಕೆಂಬ ಈ ನಿಯಮವನ್ನು ಓಮ್ ಬರೆದದ್ದಂತೂ ಅಲ್ಲ.

ಆ ಓಮ್‌ನ ಕಥೆಯೂ ಏನು ಸುಖದ್ದಲ್ಲ. ಜರ್ಮನಿಯ ಕಲೋನ್‌ನಲ್ಲಿ ಶಾಲಾ ಅಧ್ಯಾಪಕನಾಗಿದ್ದ ಜಾರ್ಜ್ ಸೈಮನ್ ಓಮ್ 1827ರಲ್ಲಿ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದಾಗ ಅವನ ದೇಶದವರು ಅದನ್ನು ತಣ್ಣಗೆ ಬದಿಗಿಟ್ಟರು. ಅವನು ಬೇಸತ್ತು ಕೆಲಸವನ್ನೇ ಬಿಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಗಡಿಯಾಚೆಯಿಂದ ಅವನ ಸಮಾನತಾ ಪತ್ರ ಬರಲು ಹಿಡಿದದ್ದು ಸರಿಯಾಗಿ ಹದಿನಾಲ್ಕು ವರ್ಷ, ಅಂದರೆ ಶ್ರೀರಾಮನ ವನವಾಸದಷ್ಟು. ಇದನ್ನು ನಾನು ಸಮಾಧಾನಕ್ಕೆಂದು ಹೇಳಿದಾಗ ಅಳಿಯ ಬೆರಳು ಮಡಿಸಿ ತನ್ನ ವಯಸ್ಸಿಗೆ ಹದಿನಾಲ್ಕನ್ನು ಕೂಡಿಸಿ ನೋಡಿ, “ಮಾವ, ಅಷ್ಟರಲ್ಲಿ ಅರ್ಜಿ ಹಾಕುವ ವಯೋಮಿತಿ ದಾಟಿರುತ್ತದೆ” ಎಂದ.

ಹುಡುಗನಿಗೆ ಓಮ್‌ನ ಮೊದಲ ಪರಿಚಯವಾದ ಬಗೆಯನ್ನು ಇಲ್ಲಿಯೇ ಹೇಳಬೇಕು. ಹತ್ತನೆಯ ತರಗತಿಯವರೆಗೆ ಅವನದು ಕನ್ನಡ ಮಾಧ್ಯಮ. 1956ರ ನವೆಂಬರ್ 1ರಂದು ನಮ್ಮನ್ನು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಜೋಡಿಸಿದ ಮೇಲೆಯೂ ಇಲ್ಲಿ ಕನ್ನಡ ಶಾಲೆಗಳು ಉಳಿದಿವೆ, ಕನ್ನಡ ಪಠ್ಯಪುಸ್ತಕಗಳೂ ಬರುತ್ತವೆ. ಆಗಾಗ ಬರದೆ ಉಳಿಯುವುದು ಕನ್ನಡ ಬಲ್ಲ ಅಧ್ಯಾಪಕರು ಮಾತ್ರ. ಕನ್ನಡ ತಿಳಿಯದವರ ನೇಮಕಗಳನ್ನು ವಿರೋಧಿಸಿ ತಂದೆತಾಯಿಗಳು ಶಾಲೆಯ ಗೇಟಿನ ಮುಂದೆ ಕೂರುವುದು ನಮ್ಮ ಜಿಲ್ಲೆಯ ಜಾತ್ರೆಗಳಲ್ಲಿ ಒಂದೆಂದು ಹೇಳಿದರೂ ತಪ್ಪಾಗದು. ಅಳಿಯನ ತರಗತಿಗೆ ಭೌತಶಾಸ್ತ್ರ ಕಲಿಸಲು ಬಂದವರಿಗೆ ವಿಷಯ ಚೆನ್ನಾಗಿಯೇ ಗೊತ್ತಿತ್ತು, ಕನ್ನಡ ಗೊತ್ತಿರಲಿಲ್ಲ. ಪುಸ್ತಕ ‘ತಾಮ್ರವು ಉತ್ತಮ ವಾಹಕ’ ಎಂದರೆ ಅವರು ಪ್ರೀತಿಯಿಂದಲೇ ‘ಚೆಂಬ್ ನಲ್ಲ ಚಾಲಕಮಾಣ್’ ಎನ್ನುತ್ತಿದ್ದರು. ಮಲಯಾಳದಲ್ಲಿ ಚೆಂಬ್ ಎಂದರೆ ತಾಮ್ರ, ನಲ್ಲ ಎಂದರೆ ಒಳ್ಳೆಯ, ಚಾಲಕ ಎಂದರೆ ವಾಹಕ. ವಾಕ್ಯದಲ್ಲಿ ಎಳ್ಳಷ್ಟೂ ದೋಷವಿಲ್ಲ. ಕನ್ನಡದ ಕಿವಿಗೆ ಮಾತ್ರ ಅದು ಬೇರೆಯೇ ಆಗಿ ಬಿದ್ದಿತು: ಒಂದು ಚೆಂಬು, ಅದರ ಪಕ್ಕದಲ್ಲಿ ಒಬ್ಬ ನಲ್ಲ, ಇಬ್ಬರನ್ನೂ ಕೂರಿಸಿಕೊಂಡು ಹೋಗುವ ಚಾಲಕ. ಇಂಗ್ಲಿಷಿನಲ್ಲಿ ಅದನ್ನೇ ಕಂಡಕ್ಟರ್ ಎನ್ನುತ್ತಾರೆಂದು ತಿಳಿದಾಗ, ಬಸ್ಸಿಗೆ ಬೇಕಾದವರೆಲ್ಲ ತುಂಬಿದರು, ಇನ್ನು ಹೊರಡಬಹುದು ಎಂದು ಹಿಂದಿನ ಬೆಂಚಿನವನೊಬ್ಬ ವಿಸಿಲ್ ಹಾಕಿದನಂತೆ. ವಿದ್ಯುತ್ತಿಗೆ ಮಲಯಾಳದಲ್ಲಿರುವ ‘ವೈದ್ಯುತಿ’ ಎಂಬ ಮಾತು ಕೇಳಿ, ಚುಚ್ಚುಮದ್ದಿಗೆ ವೈದ್ಯರು ಬಂದರೆಂದು ಇನ್ನೊಬ್ಬ ತೋಳು ಮುಚ್ಚಿಕೊಂಡದ್ದೂ ಉಂಟು. ಮಕ್ಕಳಿಗೆ ಮಲಯಾಳ ತೀರ ತಿಳಿಯದೆ ಇತ್ತೆಂದಲ್ಲ; ಪೇಟೆಗೆ ಹೋಗಿಬರುವ ಮಟ್ಟಿಗೆ ಎಲ್ಲರಿಗೂ ಬರುತ್ತಿತ್ತು. ಪೇಟೆಯ ಭಾಷೆಯಲ್ಲಿ ಮೀನು ಕೊಳ್ಳಬಹುದು, ವಿಭವಾಂತರ ಕೊಳ್ಳುವುದು ಕಷ್ಟ.

ಇಷ್ಟಾಗಿ ಹುಡುಗ ಆ ಕಡೆಗೆ, ಅಂದರೆ ತನ್ನ ಭಾಷೆಯ ಸರಕಾರವಿರುವ ಕಡೆಗೆ, ಇಂಜಿನಿಯರಿಂಗ್ ಓದಲು ಹೊರಟ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಸಿಇಟಿಯಲ್ಲಿ ಅವಕಾಶವಿದೆ. ಆ ಉಪಕಾರವನ್ನು ನಾವು ಮರೆತವರಲ್ಲ. ಅದಕ್ಕೆ ಮೊದಲು ಅಭ್ಯರ್ಥಿಯ ಮಾತೃಭಾಷೆ ಕನ್ನಡವೋ ತುಳುವೋ ಎಂದು ಪ್ರಮಾಣಪತ್ರ ಬೇಕು, ವಾಸದ ಪ್ರಮಾಣಪತ್ರ ಬೇಕು, ಅದರ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಬೆಂಗಳೂರಿನಲ್ಲಿ ಹುಟ್ಟಿ, ಮನೆಯಲ್ಲಿಯೂ ಶಾಲೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಬೆಳೆದು, ‘ಕನ್ನಡ ಗೊತ್ತಿಲ್ಲ’ ಎಂಬಷ್ಟು ಕನ್ನಡವನ್ನು ಮಾತ್ರ ಬಲ್ಲವನಿಗೆ ಈ ಪರೀಕ್ಷೆಯಿಲ್ಲ. ಅಜ್ಜನ ತಾಳಮದ್ದಳೆಯ ಅರ್ಥವನ್ನು ಕೇಳುತ್ತ ನಿದ್ದೆಹೋಗುತ್ತಿದ್ದ ನಮ್ಮ ಹುಡುಗ, ಮಲಯಾಳದ ಚೆಂಬನ್ನು ಮನಸ್ಸಿನಲ್ಲಿಯೇ ತಾಮ್ರವಾಗಿಸಿಕೊಂಡು ಎಸ್ಸೆಸ್ಸೆಲ್ಸಿ ಪಾಸಾದವನು, ತಾನು ಕನ್ನಡಿಗನೆಂದು ಕನ್ನಡ ನಾಡಿಗೆ ಹೋಗಿ ಬರೆದು ತೋರಿಸಿ ಬಂದ. ಆಮೇಲಿನ ನಾಲ್ಕು ವರ್ಷಗಳಲ್ಲಿ ಒಂದು ಸಣ್ಣ ಕನ್ನಡ ಪಠ್ಯವನ್ನು ಬಿಟ್ಟರೆ ಕಾಲೇಜು ಅವನಿಂದ ಒಂದಕ್ಷರ ಕನ್ನಡವನ್ನೂ ಕೇಳಲಿಲ್ಲ.

ಅವನು ಸೇರಿದ್ದು 2019ರಲ್ಲಿ. ಮರುವರ್ಷದ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು, ಗಡಿಯ ರಸ್ತೆಗಳ ಮೇಲೆ ಮಣ್ಣು ಸುರಿದು ದಾರಿ ಮುಚ್ಚಿದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ವಿದ್ಯುತ್ ಶಾಸ್ತ್ರದಲ್ಲಿ ಅರ್ಥಿಂಗ್ ಎಂದರೆ ಅಪಾಯಕಾರಿ ಪ್ರವಾಹವನ್ನು ಮಣ್ಣಿಗೆ ಇಳಿಸುವುದು. ನಮ್ಮ ಗಡಿಯಲ್ಲಿ ಮಣ್ಣನ್ನೇ ತಂದು ಪ್ರವಾಹದ ಮೇಲೆ ಇಳಿಸಿದರು. ಮುಂದೆ ಎರಡನೆಯ ವರ್ಷದ ಮೆಷಿನ್ ಲ್ಯಾಬ್ ಅವನ ಪಾಲಿಗೆ ನಡೆದದ್ದು ಅಡಿಕೆ ಅಂಗಳದಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಮೂಲೆಯಲ್ಲಿ, ಮೊಬೈಲಿನ ಪರದೆಯ ಮೇಲೆ. ಪರದೆಯ ಮೋಟಾರು ಶಬ್ದ ಮಾಡುತ್ತಿರಲಿಲ್ಲ, ಬಿಸಿಯಾಗುತ್ತಿರಲಿಲ್ಲ, ಶಾಕ್ ಕೊಡುತ್ತಿರಲಿಲ್ಲ. ಬೆರಳಿನಿಂದ ಒತ್ತಿದರೆ ಥಟ್ಟನೆ ನಿಮಿಷಕ್ಕೆ 1440 ಸುತ್ತು ತಿರುಗುತ್ತಿತ್ತು. ರೆಕಾರ್ಡ್ ಪುಸ್ತಕದಲ್ಲಿ ಅರುವತ್ತು ಮಂದಿಯ ಮೋಟಾರುಗಳೂ ಒಂದೇ ಅಂಕಿ ತೋರಿಸಿದುದರಿಂದ ಎಲ್ಲರಿಗೂ ಒಳ್ಳೆಯ ಅಂಕ ಬಂತು. ಐವತ್ತು ಗಜ ಕೆಳಗೆ ತೋಟದಲ್ಲಿ ನಿಜವಾದ ಪಂಪು ಗುರುಗುಟ್ಟುತ್ತಿತ್ತು. ಅದು ಪಠ್ಯಕ್ರಮದಲ್ಲಿ ಇರಲಿಲ್ಲ.

ಆ ಮಣ್ಣಿನ ರಾಶಿಯ ದಿನಗಳಲ್ಲಿಯೂ ವಿದ್ಯುತ್ತು ಮಾತ್ರ ಯಾರಿಂದಲೂ ಪಾಸು ಕೇಳಿ ಪಡೆಯಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರದ 765 ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಭಾಗಕ್ಕೆ ಜೋಡಿಸಿದಂದಿನಿಂದ ಇಡೀ ಭಾರತ ಒಂದೇ 50 ಹರ್ಟ್ಸ್‌ನ ತಾಳಕ್ಕೆ ಹೆಜ್ಜೆ ಹಾಕುತ್ತಿದೆ. ಆ ಮಾರ್ಗದ ಒಂದು ತುದಿ ಕರ್ನಾಟಕದಲ್ಲಿ, ಇನ್ನೊಂದು ತುದಿ ನಮ್ಮಂತೆಯೇ ಗಡಿಯಾಚೆ ಉಳಿದ ಸೋಲಾಪುರದಲ್ಲಿ ಇರುವುದು ಕಾಕತಾಳೀಯವಾಗಿರಬಹುದು. ಶರಾವತಿಯ ನೀರು ತಿರುಗಿಸಿದ್ದೋ ಇಡುಕ್ಕಿಯ ನೀರು ತಿರುಗಿಸಿದ್ದೋ ಎಂದು ನಮ್ಮ ಅಡುಗೆಮನೆಯ ಮಿಕ್ಸಿ ವಿಚಾರಿಸುವುದಿಲ್ಲ. ವಿದ್ಯುತ್ತಿನಲ್ಲಿ ಸಮಾನತೆಯ ಪರೀಕ್ಷೆಯೇ ಇಲ್ಲವೆಂದು ಇದರ ಅರ್ಥವಲ್ಲ. ನಮ್ಮ ಕಚೇರಿಗಿಂತ ಕಠಿಣವಾದದ್ದೇ ಇದೆ. ಚಾಲನೆಯಲ್ಲಿರುವ ಎರಡು ವ್ಯವಸ್ಥೆಗಳನ್ನು ಕೂಡಿಸುವ ಮೊದಲು ಎರಡರ ವೋಲ್ಟೇಜು, ಆವರ್ತನ, ಫೇಸುಗಳ ಕ್ರಮ ಮತ್ತು ಕೋನ ಹೊಂದಬೇಕು. ಗಡಿಯಾರದಂತಿರುವ ಸಿಂಕ್ರೋಸ್ಕೋಪಿನ ಮುಳ್ಳು ನಿಧಾನವಾಗಿ ಹನ್ನೆರಡಕ್ಕೆ ಬರುತ್ತಿರುವಾಗ ಸ್ವಿಚ್ಚು ಹಾಕುತ್ತಾರೆ. ಕೂಡಿತೆಂದರೆ ಕೂಡಿತು. ಹೆಸರಿನಲ್ಲಿ ನೆಟ್‌ವರ್ಕ್ ಇದೆಯೇ ಎಂದು ಆ ಮುಳ್ಳು ನೋಡುವುದಿಲ್ಲ.

ಕಚೇರಿಯ ಸ್ಥಿತಿಯನ್ನು ಅಳಿಯ ತನ್ನ ಶಾಸ್ತ್ರದ ಭಾಷೆಯಲ್ಲಿಯೇ ನನಗೆ ವಿವರಿಸಿದ್ದಾನೆ. ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರಿನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಒಳಗೆ ತಿರುಗುವ ಭಾಗವಾದ ರೋಟರ್ ಅದರ ಹಿಂದೆ ಓಡಿ 1440 ಸುತ್ತು ಮುಟ್ಟುತ್ತದೆ. ಹಿಂದೆ ಬಿದ್ದ ಆ ಶೇಕಡ 4ಕ್ಕೆ ಸ್ಲಿಪ್ ಎಂದು ಹೆಸರು. ಅಷ್ಟು ಹಿಂದೆ ಬೀಳದಿದ್ದರೆ ಮೋಟಾರು ಕೆಲಸ ಮಾಡುವುದೇ ಇಲ್ಲವೆಂಬುದನ್ನು ಕೇಳಿದಾಗ ನನಗೆ ಸರಕಾರದ ಮೇಲೆ ಅರೆಗಳಿಗೆ ಅನುಕಂಪ ಮೂಡಿತು. ಆದರೆ ರೋಟರ್ ಕಚ್ಚಿಕೊಂಡು ನಿಂತುಬಿಟ್ಟರೆ ಸ್ಲಿಪ್ ಶೇಕಡ 100 ಆಗುತ್ತದೆ. ಆಗ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ, ಒಂದು ಸುತ್ತೂ ತಿರುಗುವುದಿಲ್ಲ. ಮೂರು ತಿಂಗಳಲ್ಲಿ ನಾವು ಆ ಕಚೇರಿಗೆ ಹನ್ನೊಂದು ಸಲ ಹೋದೆವು. ಪ್ರತಿ ಸಲವೂ ಫ್ಯಾನು ತಿರುಗುತ್ತಿತ್ತು, ಮೊಹರಿನ ಸದ್ದು ಕೇಳುತ್ತಿತ್ತು, ಎಲ್ಲರೂ ಬೆವರುತ್ತಿದ್ದರು. ಕಡತ ಇದ್ದ ಮೇಜಿನಲ್ಲಿಯೇ ಇತ್ತು. ಕಿರ್ಚಾಫನ ನಿಯಮದ ಪ್ರಕಾರ ಒಂದು ಸಂಧಿಗೆ ಎಷ್ಟು ಪ್ರವಾಹ ಒಳಬರುತ್ತದೆಯೋ ಅಷ್ಟೇ ಹೊರಹೋಗಬೇಕು. ಅರ್ಜಿಗಳು ಬರೇ ಒಳಬರುವ ಈ ಸಂಧಿಯನ್ನು ಪಾಪ ಕಿರ್ಚಾಫ್ ಕಂಡಿರಲಿಲ್ಲ. ಅವನಿಗೆ ನಮ್ಮ ಕಷ್ಟ ತಿಳಿಯುತ್ತಿತ್ತೆಂದು ನನ್ನ ನಂಬಿಕೆ: ಅವನು ಹುಟ್ಟಿದ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ಇಂದು ಕಾಲಿನಿನ್‌ಗ್ರಾಡ್ ಎಂಬ ಹೆಸರಿನಲ್ಲಿ ರಷ್ಯಕ್ಕೆ ಸೇರಿದೆ. ನಮ್ಮ ಊರಿನ ವಿಷಯದಲ್ಲಿ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಆ ರೋಟರ್ ಕಚ್ಚಿಕೊಂಡು ಅರ್ಧ ಶತಮಾನ ದಾಟಿತು.

ಹನ್ನೊಂದನೆಯ ಭೇಟಿಯಲ್ಲಿ ಹೊಸ ತೊಡಕೊಂದು ಹೊರಟಿತು. ಹುದ್ದೆಯ ಪ್ರಕಟಣೆಯಲ್ಲಿ ‘ಎಲೆಕ್ಟ್ರಿಕಲ್’ ಎಂದಷ್ಟೇ ಇದೆ, ಇವನ ಪದವಿಯಲ್ಲಿ ‘ಎಲೆಕ್ಟ್ರಿಕಲ್ ಆಂಡ್ ಎಲೆಕ್ಟ್ರಾನಿಕ್ಸ್’ ಎಂದಿದೆ. ಎಲೆಕ್ಟ್ರಾನಿಕ್ಸ್ ಸೇರಿಕೊಂಡದ್ದರಿಂದ ಎಲೆಕ್ಟ್ರಿಕಲ್ ಎಷ್ಟು ಕಡಿಮೆಯಾಯಿತು ಎಂಬ ಬಗ್ಗೆ ಸ್ಪಷ್ಟೀಕರಣ ಬೇಕಂತೆ.

ಆ ದಿನ ಸಂಜೆ ಮನೆಗೆ ಬರುವಾಗ ತೋಟದ ಪಂಪು ಗುಂಯ್ ಎನ್ನುತ್ತ ನಿಂತಿತ್ತು. ಅಂಗಳದಲ್ಲಿ ನಿಂತು ಕಿವಿಗೊಟ್ಟ ಅಳಿಯ, “ಕೆಪಾಸಿಟರ್ ಹೋಗಿದೆ ಮಾವ” ಎಂದು ಹೇಳಿದವನು ಮುಂದಕ್ಕೆ ಹೆಜ್ಜೆಯಿಡಲಿಲ್ಲ. ವಿದ್ಯುತ್ ಕೆಲಸಕ್ಕೆ ಕೈಹಾಕಲು ಲೈಸೆನ್ಸಿಂಗ್ ಬೋರ್ಡಿನ ಪರ್ಮಿಟ್ ಬೇಕು, ಪದವಿಪತ್ರ ಪರ್ಮಿಟ್ಟಲ್ಲ. ಕಾನೂನು ಸರಿಯಾದದ್ದೇ, ಮೊಬೈಲಿನಲ್ಲಿ ಮೋಟಾರು ತಿರುಗಿಸಿ ಬಂದವರ ಕೈಗೆ ಫ್ಯೂಸು ಕೊಡಬಾರದೆಂಬ ವಿವೇಕ ಅದರಲ್ಲಿದೆ. ಹಾಗಾಗಿ ಪರ್ಮಿಟ್ ಇರುವ ನಮ್ಮೂರ ವಯರ್‌ಮ್ಯಾನನಿಗೆ ಫೋನು ಮಾಡಿದೆವು. ಅವನು ಬರುವಾಗ ಕತ್ತಲಾಗಿತ್ತು. ಪಂಪುಶೆಡ್ಡಿನಲ್ಲಿ ಟಾರ್ಚನ್ನು ಇಂಜಿನಿಯರನ ಕೈಗೆ ಕೊಟ್ಟು, ಪ್ಯಾನೆಲ್ ಬೋರ್ಡಿನ ಮುಚ್ಚಳ ತೆಗೆದು, ಉಬ್ಬಿದ ಕೆಪಾಸಿಟರನ್ನು ಹೊರಗೆಳೆದ. ಬೇರೆಯದಕ್ಕೆ ನಾಳೆ ಪೇಟೆಗೆ ಹೋಗಬೇಕೆಂದು ಅವನು ಹೇಳುತ್ತಿರುವಾಗ ಅಳಿಯ ಒಳಗೆ ಹೋಗಿ, ಕಾಲೇಜಿನ ಪ್ರಾಜೆಕ್ಟಿಗೆಂದು ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡು ಉಳಿದಿದ್ದ 36 ಎಂಎಫ್‌ಡಿಯ ಒಂದನ್ನು ತಂದುಕೊಟ್ಟ. ವಯರ್‌ಮ್ಯಾನ್ ಅದನ್ನು ಅಂಗೈಯಲ್ಲಿ ತಿರುಗಿಸಿ, ಹಳೆಯದರ ಪಕ್ಕದಲ್ಲಿ ಹಿಡಿದು ಅಂಕಿಗಳನ್ನು ಓದಿ, ತಲೆದೂಗಿ, ವಯರಿನ ತುದಿ ಕೆರೆಯತೊಡಗಿದ.

“ಇದು ಮಂಗಳೂರಿನದ್ದು. ಇಲ್ಲಿಗೆ ಆದೀತೋ?” ಎಂದು ಅಳಿಯ ತೀರ ಗಂಭೀರವಾಗಿ ಕೇಳಿದ.

ವಯರ್‌ಮ್ಯಾನ್ ಕೆಲಸ ನಿಲ್ಲಿಸಿ ಅವನ ಮುಖವನ್ನೊಮ್ಮೆ ನೋಡಿದ. “ಮಂಡೆ ಸಮ ಉಂಟಾ ಮಾರಾಯ ನಿನಗೆ? ಟಾರ್ಚ್ ಸರೀ ಹಿಡಿ.”