ಹಿಂದಿ, ಇಂಗ್ಲಿಷ್ ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಯಿರಿ

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಮಾತ್ರ, ಹಿಂದಿ ಪೀರಿಯಡ್ಡಿನಲ್ಲಿ ಹಿಂದಿ ಮಾತ್ರ; ಒಂದರೊಳಗೆ ಇನ್ನೊಂದು ಬಂದರೆ ಮಗುವಿಗೆ ಗೊಂದಲ ಆಗುತ್ತದೆ ಅನ್ನುವ ನಂಬಿಕೆ ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ. ನನಗನ್ನಿಸುವುದು ಇದಕ್ಕೆ ಪೂರ್ತಿ ಉಲ್ಟಾ. ಏಳೆಂಟು ವರ್ಷದ ಮಕ್ಕಳ ಮುಂದೆ ಎರಡೂ ಭಾಷೆಯ ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯಬೇಕು. 'ಏನೇನು ಬೇರೆ ಬೇರೆ ಇದೆ, ಹೇಳಿ ನೋಡೋಣ' ಅಂತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಬೇಕು. ಹುಡುಕುವ ಕೆಲಸ ಮಕ್ಕಳದ್ದು.

'ವಹ್ ಜಾತಾ ಹೈ', 'ವಹ್ ಜಾತೀ ಹೈ' ಅಂತ ಬರೆಯಿರಿ. ಅದರ ಕೆಳಗೆ 'ಹಿ ಗೋಸ್', 'ಶಿ ಗೋಸ್'. ಹೋಗುತ್ತಿರುವುದು ಹುಡುಗನಾ, ಹುಡುಗಿಯಾ? ಅದನ್ನು ನಮಗೆ ಹೇಳಿದ ಪದ ಯಾವುದು? ಹಿಂದಿಯ 'ವಹ್' ಇಬ್ಬರಿಗೂ ಒಂದೇ, ಗುಟ್ಟು ಬಿಟ್ಟುಕೊಡುವುದು ಕ್ರಿಯಾಪದ. ಇಂಗ್ಲಿಷಿನಲ್ಲಿ 'ಗೋಸ್' ಇಬ್ಬರಿಗೂ ಒಂದೇ, ಹೇಳುವುದು 'ಹಿ', 'ಶಿ'. ಮೂರನೇ ಸಾಲಿನಲ್ಲಿ 'ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ' ಅಂತ ಬರೆದರೆ ಕನ್ನಡ ಎರಡೂ ಕಡೆ ಹೇಳುತ್ತದೆ ಅನ್ನುವುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ಲಿಂಗ, ವಚನ ಅಂತ ಪಾರಿಭಾಷಿಕ ಪದ ಒಂದೂ ಬೇಕಾಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ನಾನು' ತೆಗೆದುಕೊಳ್ಳಿ. 'ನಾನು ಹೋಗುತ್ತೇನೆ', 'ಐ ಗೋ': ಇವೆರಡರಲ್ಲೂ ಮಾತಾಡುತ್ತಿರುವುದು ಹುಡುಗನಾ, ಹುಡುಗಿಯಾ ಅಂತ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ ಹುಡುಗ 'ಮೈಂ ಜಾತಾ ಹೂಂ' ಅಂದರೆ ಹುಡುಗಿ 'ಮೈಂ ಜಾತೀ ಹೂಂ' ಅನ್ನಲೇಬೇಕು. ಕನ್ನಡದ ಹುಡುಗಿ 'ಮೈಂ ಜಾತಾ ಹೂಂ' ಅಂದರೆ ಅದು ದಡ್ಡತನ ಅಲ್ಲ. ಅವಳಿಗೆ ಗೊತ್ತಿರುವ ಎರಡೂ ಭಾಷೆಗಳು 'ನಾನು' ಅನ್ನುವಾಗ ಆ ಭೇದ ಮಾಡುವುದಿಲ್ಲ, ಹಾಗಾಗಿ ಮೂರನೆಯದರಲ್ಲಿ ಅದನ್ನು ಅವಳು ನಿರೀಕ್ಷಿಸುವುದೂ ಇಲ್ಲ. ಕೆಂಪು ಇಂಕಿನಲ್ಲಿ ಎಷ್ಟು ಸಲ ಅಡ್ಡಗೆರೆ ಎಳೆದರೂ ಈ ಕಾರಣ ಅವಳಿಗೆ ತಿಳಿಯುವುದಿಲ್ಲ. ಪಕ್ಕಪಕ್ಕ ಇಟ್ಟು ತೋರಿಸಿದರೆ ತಿಳಿಯುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಹೀಗೇ. 'ವಾಟ್ ಯು ಆರ್ ಡೂಯಿಂಗ್?' ಅನ್ನುವ ಮಕ್ಕಳನ್ನು ತಿದ್ದಿ ತಿದ್ದಿ ಸುಸ್ತಾದ ಟೀಚರುಗಳಿದ್ದಾರೆ. 'ತುಮ್ ಕ್ಯಾ ಕರ್ ರಹೇ ಹೋ?' ಅನ್ನುವಾಗ 'ಕ್ಯಾ' ತನ್ನ ಜಾಗದಲ್ಲೇ ಇರುತ್ತದೆ, ಬೇರೆ ಯಾವ ಪದವೂ ಕದಲುವುದಿಲ್ಲ. ಇಂಗ್ಲಿಷಿನಲ್ಲಿ 'ವಾಟ್' ಮುಂದಕ್ಕೆ ಹೋಗುತ್ತದೆ, ಜೊತೆಗೆ 'ಯು', 'ಆರ್' ಜಾಗ ಬದಲಿಸಿಕೊಳ್ಳುತ್ತವೆ. ಪದಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದು ಮಕ್ಕಳ ಕೈಯಿಂದಲೇ ಅತ್ತಿತ್ತ ಸರಿಸಿದರೆ ಸಾಕು. 'ಮೇಜ್ ಪರ್', 'ಆನ್ ದ ಟೇಬಲ್' ಕೂಡ ಇದೇ ಚೀಟಿಗಳಲ್ಲಿ ಆಗುತ್ತದೆ: 'ಪರ್' ಮೇಜಿನ ನಂತರ ಬರುತ್ತದೆ, 'ಆನ್' ಮೊದಲೇ ಬರುತ್ತದೆ.

ಓದುವ ವಿಷಯದಲ್ಲಿ ಒಂದು ಮಾತು. ಹಿಂದಿಯನ್ನು ಬರೆದ ಹಾಗೇ ಓದುತ್ತಾರೆ, ಇಂಗ್ಲಿಷನ್ನು ಹಾಗೆ ಓದುವುದಿಲ್ಲ ಅಂತ ಹೇಳಿಕೊಡುವುದುಂಟು. ಅದು ಪೂರ್ತಿ ನಿಜ ಅಲ್ಲ. ಹಿಂದಿಯಲ್ಲಿ ಕ, ಮ, ಲ ಅಂತ ಬರೆದು 'ಕಮಲ್' ಅಂತ ಓದುತ್ತಾರೆ, ಕೊನೆಯ ಅಕಾರ ಬಾಯಿಗೆ ಬರುವುದೇ ಇಲ್ಲ. ಕನ್ನಡದ ಮಗು 'ಕಮಲ' ಅಂತಲೇ ಓದುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು.

ಇದೆಲ್ಲ ಹೊಸ ವಿಚಾರವೇನಲ್ಲ. ಒಂದು ಭಾಷೆಯಲ್ಲಿ ಮಗು ಗಳಿಸಿದ ತಿಳಿವಳಿಕೆ ಇನ್ನೊಂದರ ಕಲಿಕೆಗೆ ಆಧಾರವಾಗುತ್ತದೆ ಅಂತ ದ್ವಿಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ವಾದಿಸಿದ್ದರು. ನಮ್ಮದೇ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವಾಗಿ ನೋಡಿ ಅಂದಿತ್ತು. ಆದರೂ 'ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ' ಅನ್ನುವ ತರಗತಿಗಳು ಇನ್ನೂ ಇವೆ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಎಲ್ಲವನ್ನೂ ಚಿಕ್ಕ ವಯಸ್ಸಿಗೇ ತುರುಕಬೇಕು ಅಂತ ನಾನು ಹೇಳುತ್ತಿಲ್ಲ. 'ರಾಮ್ ನೇ ರೋಟೀ ಖಾಯೀ' ಅನ್ನುವಲ್ಲಿ ತಿಂದವನು ರಾಮನಾದರೂ ಕ್ರಿಯಾಪದ ಸ್ತ್ರೀಲಿಂಗದ 'ರೋಟೀ'ಗೆ ಹೊಂದಿಕೊಂಡು 'ಖಾಯೀ' ಆಗುತ್ತದಲ್ಲ, ಅದು ದೊಡ್ಡ ತರಗತಿಗಿರಲಿ. ಹಾಗೆಯೇ, ಹೋಲಿಸುವಾಗ 'ಈ ಭಾಷೆ ಸುಲಭ, ಆ ಭಾಷೆಗೆ ತಲೆಬುಡ ಇಲ್ಲ' ಅನ್ನುವ ತೀರ್ಪು ಟೀಚರ್ ಬಾಯಿಂದ ಬರಕೂಡದು. ಯಾವುದೋ ಒಂದು ಭಾಷೆ ಆ ತರಗತಿಯ ಯಾವುದೋ ಮಗುವಿನ ಮನೆಮಾತಾಗಿರುತ್ತದೆ.

'ಇಂಗ್ಲಿಷ್ ಟೀಚರಿಗೆ ಹಿಂದಿ ಬರದಿದ್ದರೆ?' ಅಂತ ಕೇಳುವವರಿದ್ದಾರೆ. ವಾರಕ್ಕೊಂದು ಪೀರಿಯಡ್ ಇಬ್ಬರು ಟೀಚರುಗಳೂ ಒಟ್ಟಿಗೆ ತರಗತಿಗೆ ಹೋಗಲಿ. ಮನೆಯಲ್ಲಿ ಹಿಂದಿ ಆಡುವ ಮಗು ಇದ್ದರೆ ಅದನ್ನೇ ಕೇಳಲಿ. ಟೈಮ್‌ಟೇಬಲ್ಲಿನಲ್ಲಿ ಅಷ್ಟು ಜಾಗ ಮಾಡಿಕೊಡುವುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಒಂದೇ ಬೇಡಿಕೆ: ಇದನ್ನು ಎರಡು ಕಾಲಂ ಮಾಡಿ, ಬಾಯಿಪಾಠ ಮಾಡಿಸಿ, ಐದು ಅಂಕದ ಪ್ರಶ್ನೆ ಮಾಡಬೇಡಿ.