ಮುತ್ತಿನ ದ್ವೀಪದಲ್ಲಿ ಬೋಂಡದ ಯೋಚನೆ

ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಅಂತ ನಂಬಿ ಬೆಳೆದವರು ಜಪಾನಿನ ತೋಬಾದಲ್ಲಿರುವ ಮಿಕಿಮೊಟೊ ಮುತ್ತಿನ ದ್ವೀಪಕ್ಕೆ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು. ಅಲ್ಲಿ ಮಳೆಗೆ ಕೆಲಸವೇ ಇಲ್ಲ.

ಊರಿನ ದಡದಿಂದ ಒಂದು ಸೇತುವೆ ದಾಟಿದರೆ ದ್ವೀಪ. ಮ್ಯೂಸಿಯಂ, ಅಂಗಡಿ, ಮಿಕಿಮೊಟೊ ಕೊಕಿಚಿಯವರ ಪ್ರತಿಮೆ, ಎಲ್ಲ ಇದೆ. 1858ರಲ್ಲಿ ಇದೇ ಊರಿನ ನೂಡಲ್ಸ್ ಅಂಗಡಿಯವರ ಮನೆಯಲ್ಲಿ ಹುಟ್ಟಿದವರು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಿಪರೀತ ಹೆಚ್ಚಿ ಸಮುದ್ರ ಕೆಂಪಾಗಿ, ಸಾಕಿದ ಚಿಪ್ಪುಗಳು ರಾಶಿ ರಾಶಿ ಸತ್ತರೂ ಬಿಡದೆ, 1893ರಲ್ಲಿ ಅರ್ಧ ಗುಂಡಗಿನ ಮುತ್ತು ಬೆಳೆದರು. ಪೂರ್ತಿ ಗುಂಡನೆಯ ಮುತ್ತಿನ ವಿಧಾನಕ್ಕೆ ನಿಶಿಕಾವಾ, ಮಿಸೆ ಅನ್ನುವ ಇಬ್ಬರ ಹೆಸರೂ ಸೇರಿಕೊಂಡಿದೆ. ಆದರೆ ದ್ವೀಪ ಇವರ ಹೆಸರಲ್ಲಿದೆ, ಏನು ಮಾಡೋದು!

ಮುತ್ತು ಬೆಳೆಯುವ ರೀತಿಯನ್ನೂ ಅಲ್ಲಿ ವಿವರಿಸುತ್ತಾರೆ. ಅಕೋಯಾ ಅನ್ನುವ ಜಾತಿಯ ಮುತ್ತಿನ ಚಿಪ್ಪಿನ ಬಾಯಿ ಸ್ವಲ್ಪ ಬಿಡಿಸಿ, ಒಳಗೊಂದು ಗುಂಡು ಮಣಿಯನ್ನೂ ಇನ್ನೊಂದು ಚಿಪ್ಪಿನ ಒಳಪೊರೆಯ ಚೂರನ್ನೂ ಇಟ್ಟು, ಮತ್ತೆ ಸಮುದ್ರಕ್ಕೆ ಬಿಡುತ್ತಾರೆ. ಆ ಮಣಿಯನ್ನು ಹೆಚ್ಚಾಗಿ ಮಾಡುತ್ತಿದ್ದದ್ದು ಅಮೆರಿಕದ ನದಿಗಳ ಚಿಪ್ಪಿನಿಂದ. ಮೇಲಿನ ಹೊಳೆಯುವ ಪದರ ಎಷ್ಟೋ ಸಲ ಒಂದು ಮಿಲಿಮೀಟರೂ ಇರುವುದಿಲ್ಲ. ಅಂದರೆ ಬೋಂಡ! ಒಳಗೆಲ್ಲ ಆಲೂಗಡ್ಡೆ, ಮೇಲೆ ತೆಳ್ಳಗೆ ಹಿಟ್ಟು.

ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಅಮಾ ಹೆಂಗಸರು. ಬಿಳಿ ಬಟ್ಟೆ ತೊಟ್ಟು, ಸಿಲಿಂಡರ್ ಗಿಲಿಂಡರ್ ಏನೂ ಇಲ್ಲದೆ ಒಂದೇ ಉಸಿರಿಗೆ ಮುಳುಗುತ್ತಾರೆ, ಮೇಲೆ ಬಂದು ಸಿಳ್ಳೆಯಂಥ ಸದ್ದಿನಲ್ಲಿ ಉಸಿರು ಬಿಡುತ್ತಾರೆ. ಇವತ್ತಿಗೆ ಅದು ಪ್ರವಾಸಿಗಳಿಗಾಗಿ ನಡೆಯುವ ಪ್ರದರ್ಶನ. ಹಿಂದೆ ತಳದಿಂದ ಚಿಪ್ಪು ಹೆಕ್ಕಿ ತರುತ್ತಿದ್ದವರು, ಮಣಿ ಇಟ್ಟದ್ದನ್ನು ವಾಪಸ್ ಕೆಳಗೆ ಇಟ್ಟು ಬರುತ್ತಿದ್ದವರು, ನೀರು ಕೆಂಪಾದರೆ ಬೇರೆ ಕಡೆ ಸಾಗಿಸುತ್ತಿದ್ದವರು ಇವರೇ. ಒಂದು ಪ್ರತಿಮೆ ಇವರದ್ದೂ ಅಷ್ಟೇ ಎತ್ತರಕ್ಕೆ ನಿಲ್ಲಬೇಕಿತ್ತು ಅಂತ ನನ್ನ ವಾದ.

ಆಮೇಲೆ ಅಂಗಡಿ. ಬೆಲೆಯ ಚೀಟಿ ನೋಡಿ ಬೋಂಡದ ಲೆಕ್ಕ ಮತ್ತೆ ತಲೆಗೆ ಬಂತು. ನಮ್ಮವರು ಹೈದರಾಬಾದಿನಿಂದ ತರುವ ಸರಗಳಲ್ಲಿ ಬಹಳಷ್ಟು ಚೀನಾದ ಸಿಹಿನೀರಿನ ಮುತ್ತು. ಅವಕ್ಕೆ ಸಾಮಾನ್ಯವಾಗಿ ಮಣಿ ಇಡುವುದಿಲ್ಲ, ಪೊರೆಯ ಚೂರು ಮಾತ್ರ. ಹಾಗಾಗಿ ಒಳಗೂ ಹೊರಗೂ ಮುತ್ತೇ. ನ್ಯಾಯವಾಗಿ ಅದಕ್ಕೇ ರೇಟು ಜಾಸ್ತಿ ಇರಬೇಕು, ಅಲ್ವಾ? ಆದರೆ ಗಾಜಿನ ಹಿಂದಿನ ಅಕೋಯಾ ಸರದಲ್ಲಿ ದೀಪದ ಆಕಾರವೇ ಕಾಣುವಷ್ಟು ಹೊಳಪು. ವಾದ ಅಲ್ಲಿಗೇ ನಿಂತಿತು. ನೋಡುವುದಕ್ಕೆ ದುಡ್ಡು ಕೊಡಬೇಕಿರಲಿಲ್ಲ, ಚೆನ್ನಾಗಿ ನೋಡಿಕೊಂಡು ಬಂದೆ.