ವೀಸಾದ 60 ದಿನ ಎಲ್ಲರಿಗೂ ಗೊತ್ತು, ವಿಮೆಯ 30 ದಿನ?

ನಿನ್ನೆ ಇಲ್ಲಿ ಅಮೆರಿಕದ ಫ್ರಿಸ್ಕೊದಲ್ಲಿ ಗೆಳತಿ ಮನೆಯ ಸತ್ಯನಾರಾಯಣ ಪೂಜೆ. ಊಟದ ಹೊತ್ತಲ್ಲಿ ಕಿವಿಗೆ ಬಿದ್ದ ಮಾತಿಗೆ ಇನ್ನೂ ಮೈ ಉರೀತಿದೆ.

ಹಾಸನದ ಕಡೆಯ ಹುಡುಗ, ಕೆಲಸ ಹೋಗಿ ಮೂರು ವಾರ. ಸುತ್ತ ಕೂತವರೆಲ್ಲ ಎಚ್-1ಬಿ ಅನ್ನೋ ಕೆಲಸದ ವೀಸಾ ಲೆಕ್ಕದಲ್ಲಿ ಮುಳುಗಿದ್ರು, ಕೆಲಸ ಹೋದ ಮೇಲೆ ಇಲ್ಲಿರೋಕೆ ಸಿಗೋ 60 ದಿನ ಯಾವತ್ತಿಗೆ ಮುಗಿಯುತ್ತೆ, ಯಾವ ಲಾಯರ್ ವಾಸಿ ಅಂತ. "ಕೆಲಸದ ಜೊತೆ ಹೋದ ಆರೋಗ್ಯ ವಿಮೆಗೆ ಏನು ಮಾಡ್ದೆ?" ಅಂತ ಕೇಳಿದೆ. ಅವನು ಬಾಯಿ ಬಿಡೋದ್ರೊಳಗೆ ಪಕ್ಕದ ಹಿರಿಯರು, "ಅವನಿಗೇನಮ್ಮ, ಗಟ್ಟಿಮುಟ್ಟಾಗಿದ್ದಾನೆ. ಎರಡು ತಿಂಗಳು ಹಾಗೇ ತಳ್ಳಿದ್ರಾಯ್ತು" ಅಂದ್ರು. ಹುಡುಗನ ಎರಡು ವರ್ಷದ ಮಗಳು ಅವನ ತೊಡೆ ಮೇಲೆ ಕೂತು ಹಪ್ಪಳ ಮುರೀತಿದ್ದಳು. ಆ ಮಗುವೂ ಅದೇ ವಿಮೆಯಲ್ಲಿತ್ತು!

ನನಗೆ ಯಾಕಿಷ್ಟು ಸಿಟ್ಟು ಅಂತ ಕೆಲವರಿಗೆ ಗೊತ್ತು. 2023ರ ಜನವರಿಯಲ್ಲಿ ನಮ್ಮೆಜಮಾನರ ಕೆಲಸ ಹೋಯ್ತು. ವಿಮೆ 31ನೇ ತಾರೀಖಿನವರೆಗೆ ಇತ್ತು. ಮಾರ್ಚ್ 5, ಭಾನುವಾರ, ಮಗನ ಇನ್ಹೇಲರ್ ತರೋಕೆ ಹೋದೆ. ಕೌಂಟರಿನ ಹುಡುಗಿ ಪರದೆ ನೋಡಿದಳು, ಕಾರ್ಡ್ ಮತ್ತೊಮ್ಮೆ ಕೇಳಿದಳು, ಆಮೇಲೆ ದನಿ ತಗ್ಗಿಸಿ "ಇದು ನಡೀತಿಲ್ಲ" ಅಂದಳು. ಪೂರ್ತಿ ದುಡ್ಡು ಕೊಟ್ಟು ತಂದೆ. ಮಾರನೇ ದಿನ ನನ್ನ ಆಫೀಸಿನಲ್ಲಿ ಮನೆಯವರ ಹೆಸರು ಸೇರಿಸಿ ಅಂತ ಕೇಳಿದ್ರೆ, ಹಳೇ ವಿಮೆ ನಿಂತ 30 ದಿನದೊಳಗೆ ಕೇಳಬೇಕಿತ್ತು ಅಂದ್ರು. ನಾಲ್ಕು ದಿನ ತಡವಾಗಿತ್ತು. ವೀಸಾಕ್ಕೆ 60, ಹಳೇ ಕಂಪನಿಯ ವಿಮೆ ಮುಂದುವರಿಸೋ ಕೋಬ್ರಾಕ್ಕೆ 60, ಹಾಗಾಗಿ ಎಲ್ಲಕ್ಕೂ 60 ಅಂದ್ಕೊಂಡು ಕೂತಿದ್ದೆ. ತಪ್ಪು ನಂದೇ. ಇವತ್ತಿಗೂ ಅದು ಚುಚ್ಚುತ್ತೆ.

ಕೊನೆಗೆ ಕೋಬ್ರಾ ತಗೊಂಡ್ವಿ. ಹಳೇ ವಿಮೆಯೇ ಮುಂದುವರಿಯುತ್ತೆ, ಕೆಲಸ ಹೋದವರಿಗೆ 18 ತಿಂಗಳವರೆಗೆ ಸಿಗುತ್ತೆ. ಆದ್ರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮ ತಲೆ ಮೇಲೆ, ಅದರ ಮೇಲೆ ಶೇಕಡಾ 2 ಖರ್ಚು. ಆರೋಗ್ಯ ನೀತಿ ಅಧ್ಯಯನ ಮಾಡೋ ಕೆಎಫ್‌ಎಫ್ ಸಂಸ್ಥೆಯ ಸಮೀಕ್ಷೆ ಪ್ರಕಾರ 2024ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಗೆ ವರ್ಷಕ್ಕೆ ಸರಾಸರಿ 25,572 ಡಾಲರ್. ಅದರಲ್ಲಿ ನೌಕರ ಕಟ್ಟೋದು 6,296. ಸಂಬಳ ನಿಂತ ತಿಂಗಳೇ ಪೂರ್ತಿ ಮೊತ್ತ ಕಟ್ಟು ಅಂದ್ರೆ ಎಲ್ಲಿಂದ ತರೋದು? ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಸಂಬಳ ಏರಿಸದಂತೆ ತಡೆದಾಗ ಕಂಪನಿಗಳು ಕೆಲಸಗಾರರನ್ನು ಸೆಳೆಯೋಕೆ ವಿಮೆ ಕೊಟ್ಟವು. ಆಗ ಬಿದ್ದ ಗಂಟು ಇನ್ನೂ ಬಿಚ್ಚಿಲ್ಲ. ಕೆಲಸ ಹೋದ್ರೆ ಔಷಧಿಯೂ ಹೋಗಬೇಕಾ?

"ಕೋಬ್ರಾ ಹಿಂದಿನ ತಾರೀಖಿಂದಲೇ ಸಿಗುತ್ತಲ್ಲ, 60 ದಿನ ಕಾದು ನೋಡಿ, ಏನಾದ್ರೂ ಆದ್ರೆ ಮಾತ್ರ ತಗೊಳ್ಳಿ" ಅಂತ ಒಬ್ಬರು ವಾದಿಸಿದ್ರು. ನಿಯಮ ಹಾಗೇ ಇದೆ, ನಿಜ. ಆದ್ರೆ ಬಿಟ್ಟ ತಿಂಗಳುಗಳ ಪ್ರೀಮಿಯಂ ಅಷ್ಟೂ ಕಟ್ಟಬೇಕು. ಕಾಯ್ತಾ ಕೂತ್ರೆ ಹೆಂಡತಿ ಆಫೀಸಿನ 30 ದಿನ ಸದ್ದಿಲ್ಲದೆ ಮುಗಿದಿರುತ್ತೆ. ಕಾದು ನೋಡಿ ಅನ್ನೋರು ಯಾರೂ ಈ ಮಾತು ಹೇಳಲ್ಲ.

ಹೆಂಡತಿ ಎಚ್-4 ಅನ್ನೋ ಅವಲಂಬಿತರ ವೀಸಾದಲ್ಲಿ ಮನೇಲಿದ್ರೆ, ವಿಮೆ ಕೊಳ್ಳೋ ಸರ್ಕಾರಿ ತಾಣ ಹೆಲ್ತ್‌ಕೇರ್ ಡಾಟ್ ಗವ್ ನೋಡಿ. ಎಚ್-1ಬಿಯವರೂ ಕೊಳ್ಳಬಹುದು, ಹಳೇ ಕಾಯಿಲೆ ಇದೆ ಅಂತ ತಳ್ಳಿಹಾಕೋ ಹಾಗಿಲ್ಲ. ಅಲ್ಲಿ ವಿಮೆ ಹೋದ ದಿನದಿಂದ 60 ದಿನ ಟೈಮ್, ಆದ್ರೆ ಆರಂಭ ಸಾಮಾನ್ಯವಾಗಿ ಮುಂದಿನ ತಿಂಗಳ 1ಕ್ಕೆ, ಹಿಂದಕ್ಕೆ ಹೋಗಲ್ಲ. ಇನ್ನೊಂದು, ಕೋಬ್ರಾ ತಗೊಂಡು ಆ 60 ದಿನ ದಾಟಿದ ಮೇಲೆ ದುಬಾರಿ ಆಯ್ತು ಅಂತ ನಾವಾಗೇ ಬಿಟ್ರೆ, ಅಲ್ಲಿ ಸೇರೋಕೆ ವರ್ಷದ ನೋಂದಣಿವರೆಗೆ ಕಾಯಬೇಕಾಗುತ್ತೆ.

"ಊರಿಗೆ ಹೋಗಿ ತೋರಿಸ್ಕೊಂಡು ಬಂದ್ರಾಯ್ತು" ಅನ್ನೋರಿಗೆ ನನ್ನ ಹತ್ರ ಒಂದೇ ಮಾತು. ರಾತ್ರಿ ಎರಡು ಗಂಟೆಗೆ ಮಗುವಿಗೆ ಉಸಿರು ಕಟ್ಟಿದ್ರೆ ಬೆಂಗಳೂರು ವಿಮಾನ ಹತ್ತೋಕಾಗಲ್ಲ.

ಆ ಹುಡುಗನ ಹೆಂಡತಿ ಕೆಲಸದಲ್ಲಿದ್ದಾಳೆ. ಅವನ ಕಂಪನಿ ಕೊನೇ ದಿನವೇ ವಿಮೆ ನಿಲ್ಲಿಸಿದೆ, ಅಂದ್ರೆ ಅವಳ ಆಫೀಸಿನ 30 ದಿನದಲ್ಲಿ ಇನ್ನು ಒಂಬತ್ತು ದಿನ ಇದೆ. ಪಾಯಸ ಬರೋ ಮುಂಚೆಯೇ ಅವಳ ಪಕ್ಕ ಕೂತು ಆಫೀಸಿಗೆ ಮೇಲ್ ಹಾಕಿಸಿದೆ. ಉತ್ತರ ಬಂತಾ ಅಂತ ನಾಳೆ ಬೆಳಿಗ್ಗೆ ಫೋನ್ ಮಾಡಿ ಕೇಳ್ತೀನಿ.